ಕಿಡಕಿ ಇಲ್ಲದ ಕೋಣೆ

ಯರಗುಪ್ಪಿ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಸುಲ್ತಾನಾಗೆ, ನಿನ್ನ ನಾಗೂ ನೆನೆದು ಬರೆದದ್ದು.

ಬಸ್ಸು ಹತ್ತಿದರೆ ಮುಗಿಯುವ ದೂರದ ಗುಡಗೇರಿಗೆ ಇವಳೇನು ಪತ್ರ ಬರೆಯುತ್ತಾಳೆ ಎಂದು ನಗುತ್ತಿರುತ್ತೀಯ. ನಗು, ಆದರೆ ಪೂರ್ತಿ ಓದಿ ನಗು. ನೀನು ಮತ್ತೆ ಮತ್ತೆ ಫೋನ್ ಮಾಡಿದ್ದು ಗೊತ್ತು. ನಾನು ಎತ್ತಲಿಲ್ಲವೆಂದು ನಿನಗೆ ಸಿಟ್ಟು ಬಂದಿರುವುದೂ ಗೊತ್ತು. ಬರೀ ದನಿ ಕೇಳಿ ಓ ಅನ್ನುವುದನ್ನೇ ನಾನು ಬಿಟ್ಟಿದ್ದೇನೆ ಸುಲ್ತಾನಾ. ಯಾಕೆಂದು ಹೇಳುವುದಕ್ಕೇ ಈ ಪತ್ರ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಮುಂದಿನ ತಿಂಗಳು ನೀನೂ ನಿಮ್ಮವರು ಮುಸ್ತಫಾ ಅಣ್ಣಾರೂ ಹಡಗಿನಲ್ಲಿ ಹೋಗುವಾಗ, ನಾನು ಹೇಳಿಕೊಟ್ಟ ಆ ಅಗ್ಗದ ಕೋಣೆ ಮಾತ್ರ ಹಿಡಿಯಬೇಡಿ. ಹೆಚ್ಚಿಗೆ ಕೊಟ್ಟು ಕಿಡಕಿ ಇರುವುದನ್ನೇ ತಗೊಳ್ಳಿರಿ. ಆಗದಿದ್ದರೆ ಹೋಗುವುದನ್ನೇ ಬಿಡಿರಿ. ನಿನ್ನ ಹೊಲಿಗೆ ಮಿಶನ್ನಿನ ಪಕ್ಕ ಕೂತು ಅಷ್ಟುದ್ದ ಭಾಷಣ ಮಾಡಿದ ನಾನೇ ಈಗ ಹೀಗೆ ಬರೆಯುತ್ತಿದ್ದೇನೆ ನೋಡು.

ನಾವಿಬ್ಬರೂ ಹಡಗಿನ ಪ್ರವಾಸ ಮುಗಿಸಿ ಬಂದ ಮೇಲೆ ಆ ದಿನ ಏನೇನು ಬಡಾಯಿ ಕೊಚ್ಚಿದೆ ನಾನು! ಹಡಗಿನ ಹೊಟ್ಟೆಯೊಳಗೆ, ಕೆಳಗಿನ ಅಂತಸ್ತಿನಲ್ಲಿ, ಕಿಡಕಿ ಇಲ್ಲದ ಕೋಣೆಗಳಿರುತ್ತವೆ, ಅವೇ ಎಲ್ಲಕ್ಕಿಂತ ಸೋವಿ ಎಂದೆ. ಯಾವ ಕೋಣೆ ಬೇಕೆಂದು ಆರಿಸಲು ಹೋಗಬೇಡ, ಉಳಿದದ್ದು ಕೊಡಿರಿ ಎಂದರೆ ಇನ್ನೂ ಇಳಿಸುತ್ತಾರೆ ಎಂದೆ. ಚೀಲ ಕಟ್ಟಿಕೊಂಡು ತಯಾರಿದ್ದರೆ ಕಡೇ ಗಳಿಗೆಯಲ್ಲಿ ಅರ್ಧಕ್ಕರ್ಧ ಸಿಗುತ್ತದೆ ಎಂದೆ. "ಊಟ ಎಲ್ಲಾರಿಗೂ ಒಂದ, ಸಮುದ್ರ ಎಲ್ಲಾರಿಗೂ ಒಂದ. ಕಣ್ಣ ಮುಚ್ಚಿ ಮಲಗಾಕ ಕಿಡಕಿ ಯಾಕ ಬೇಕ ಬೇ?" ಅಂದಿದ್ದೆ. ನಿನ್ನ ಅಂಗಡಿಗೆ ಬಂದ ಹೆಂಗಸರೆಲ್ಲ ನಕ್ಕಿದ್ದರು. ನನಗೂ ಬಹಳ ಹೆಮ್ಮೆಯಾಗಿತ್ತು.

ಇನ್ನು ಹೇಳದೇ ಉಳಿಸಿದ್ದು.

ಕೋಣೆಯೇನೋ ಸ್ವಚ್ಛವಿತ್ತು. ಒಂದರ ಮೇಲೊಂದು ಎರಡು ಹಾಸಿಗೆ. ನಮ್ಮವರಿಗೆ ಮೊಣಕಾಲು ನೋವು ಅಂತ ಅವರು ಕೆಳಗೆ, ನಾನು ಮೇಲೆ. ಗೋಡೆಗೆ ಚೆಂದದ ಪರದೆ ಬಿಟ್ಟಿದ್ದರು. ಸರಿಸಿದರೆ ಹಿಂದೆ ಬರೀ ತಗಡು. ಮಧ್ಯಾಹ್ನ ಉಂಡು ಬಂದು ದೀಪ ಆರಿಸಿದೆವು ನೋಡು, ಅಬ್ಬಾ, ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಹೊರಗೆ ಉರಿಬಿಸಿಲು, ಒಳಗೆ ಕೈಗೆ ಕೈ ಕಾಣದಂಥ ಕತ್ತಲೆ.

"ಅಗದಿ ನಮ್ಮ ಹಗೇವಿನ್ಯಾಗ ಇಳದಂಗ ಆತಲ್ಲ" ಎಂದರು ನಮ್ಮವರು.

ನಮ್ಮ ಮನೆ ಮುಂದಿನ ಹಗೇವು ನಿನಗೆ ನೆನಪಿದೆಯಲ್ಲ? ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಈಗ ಬಾಯಿ ಮುಚ್ಚಿ, ಮೇಲೆ ಸಿಮೆಂಟು ಹಾಕಿ, ಬೈಕು ನಿಲ್ಲಿಸುತ್ತೇವೆ. ನಾನು ಮದುವೆಯಾಗಿ ಈ ಮನೆಗೆ ಹೊಸದಾಗಿ ನಡೆಯಲು ಬಂದಾಗ ಅದರೊಳಗೆ ಇಳಿಯುತ್ತಿದ್ದವರು ನಮ್ಮವರೇ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆಮೇಲೆ ಮೇಲೆ ಹಗ್ಗ ಹಿಡಿದವರು "ಅದೀರೇನ್ರಿ?" ಅಂತ ಕೇಳುತ್ತಲೇ ಇರಬೇಕು, ಕೆಳಗಿದ್ದವರು "ಅದೀನಿ" ಅನ್ನುತ್ತಲೇ ಇರಬೇಕು. ದನಿ ನಿಂತರೆ ಹಗ್ಗ ಎಳೆಯಬೇಕು. ಹಗ್ಗ ಹಿಡಿದು ಕೇಳುವ ಕೆಲಸ ನನ್ನದಾಗಿತ್ತು.

ನಮ್ಮ ಅತ್ತೆ ಮಲ್ಲಮ್ಮ ಇನ್ನೊಂದು ಹೇಳಿದ್ದರು. ಕೇಳುವುದೇನಿದ್ದರೂ ಮೇಲಿನವರೇ ಕೇಳಬೇಕು. ಕೆಳಗಿನಿಂದ "ಅದೀಯೇನ?" ಎಂಬ ದನಿ ಬಂದರೆ ಮೇಲಿನವರು ಬಾಯಿ ಬಿಡಬಾರದು. "ಇಳದಾವ ಕೇಳಂಗಿಲ್ಲ. ಕೇಳಿದ್ರ ಅಂವಾ ನಮ್ಮಾಂವ ಅಲ್ಲ. ಅದೀನಿ ಅಂದಿ ಅಂದ್ರ ನೀ ಅದರ ಬಾಜೂಕ ಅದಿ ಅಂತನ ತಿಳಕೋತೈತಿ" ಎಂದಿದ್ದರು. ಮುದುಕಿ ಹೆದರಿಸುತ್ತಾಳೆ ಎಂದುಕೊಂಡು ಸೆರಗು ಅಡ್ಡ ಹಿಡಿದು ನಕ್ಕಿದ್ದೆ.

ಹಡಗಿನಲ್ಲಿ ನನಗೆ ಹುಡುಗಾಟ ಬಂತು. ಮೇಲಿನ ಹಾಸಿಗೆಯಿಂದ "ಅದೀರೇನ್ರಿ?" ಎಂದು ಕೂಗಿದೆ. ಕೆಳಗಿನಿಂದ "ಅದೀನಿ" ಎಂದರು. ಸಣ್ಣ ಮಕ್ಕಳ ಹಾಗೆ ಇಬ್ಬರೂ ನಕ್ಕೆವು. ಮತ್ತೆ ಕೂಗಿದೆ, ಮತ್ತೆ ಅಂದರು. ಹಾಗೇ ನನಗೆ ಜೋಂಪು ಹತ್ತಿತು.

ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ. ಕೆಳಗಿನಿಂದ ಅವರ ದನಿ ಬಂತು: "ಅದೀಯೇನ?" ನಿದ್ದೆಗಣ್ಣು ನೋಡು, "ಅದೀನಿ" ಎಂದುಬಿಟ್ಟೆ. "ಎಲ್ಲಿ ಅದಿ?" ಎಂದರು. "ಇಲ್ಲೇ, ನಿಮ್ಮ ಮ್ಯಾಲ" ಎಂದೆ. ಕೆಳಗೆ ಯಾರೋ ಹಾಸಿಗೆ ಮೇಲೆ ಎದ್ದು ಕೂತ ಸಪ್ಪಳ ಕೇಳಿಸಿತು. ಆಗಲೇ ಬಾಗಿಲು ತೆರೆಯಿತು. ಹೊರಗಿನ ಬೆಳಕು ಒಳಗೆ ಬಿತ್ತು. ಬಾಗಿಲಲ್ಲಿ ನಮ್ಮವರು, ಎರಡೂ ಕೈಯಲ್ಲಿ ಚಹಾದ ಕಪ್ಪು. ನಾನು ಮಲಗಿದ ಕೂಡಲೇ ಮೇಲೆ ಹೋಗಿದ್ದರಂತೆ, ಸಮುದ್ರ ನೋಡುತ್ತ ಕೂತಿದ್ದರಂತೆ.

ಬಗ್ಗಿ ಕೆಳಗೆ ನೋಡಿದೆ. ಯಾರೂ ಇರಲಿಲ್ಲ. ಆದರೆ ಹಗೇವಿನ ಬಾಯಿ ತೆಗೆದಾಗ ಬರುವ ಆ ಮುಗ್ಗು ಜೋಳದ ವಾಸನೆ ಕೋಣೆ ತುಂಬ ಇತ್ತು. ಸಮುದ್ರದ ನಡುವೆ ಜೋಳ ಎಲ್ಲಿಂದ ಬರಬೇಕು, ನೀನೇ ಹೇಳು.

ಆಮೇಲೆ ಊರಿಗೆ ಬರುವ ತನಕ ನಾನು ಆ ಕೋಣೆಯಲ್ಲಿ ಕಾಲಿಡಲಿಲ್ಲ. ಡೆಕ್ಕಿನ ಕುರ್ಚಿಯಲ್ಲೇ ಶಾಲು ಹೊದ್ದು ಕೂತೆ. ಸಮುದ್ರದ ಗಾಳಿ ಬಿಟ್ಟು ಏಳಲು ಮನಸ್ಸೇ ಬರಲಿಲ್ಲ ಎಂದು ನಿನಗೆ ಹೇಳಿದೆನಲ್ಲ, ಅದು ಶುದ್ಧ ಸುಳ್ಳು. ಕೊಟ್ಟ ರೊಕ್ಕಕ್ಕೆ ಮೋಸ ಹೋದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿತ್ತು, ಮತ್ತೇನಿಲ್ಲ.

ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಅಂಗಳ ಗುಡಿಸುವಾಗ ಹಗೇವಿನ ಸಿಮೆಂಟಿನ ಕೆಳಗಿನಿಂದ "ಅದೀಯೇನ?" ಎಂದು ಕೇಳುತ್ತದೆ. ಮೊದಲು ನಮ್ಮವರ ದನಿಯಲ್ಲಿ, ಅವರು ಹೊಲಕ್ಕೆ ಹೋಗಿರುವಾಗ. ಆಮೇಲೆ ಸತ್ತ ಅತ್ತೆಯ ದನಿಯಲ್ಲಿ. ಈಗೀಗ ನಿನ್ನ ದನಿಯಲ್ಲಿ. ನಾವು ಕುಂದಗೋಳದ ಶಾಲೆಗೆ ಹೋಗುವಾಗ ನೀನು ರಾಗ ಎಳೆದು "ನಾಗೂ" ಅನ್ನುತ್ತಿದ್ದೆಯಲ್ಲ, ಹಾಗೇ. ನನಗೆ ಅಳುವೇ ಬಂತು ಸುಲ್ತಾನಾ. ನಮ್ಮವರಿಗೆ ಹೇಳಿದರೆ "ಹಡಗದ ಊಟ ಇನ್ನೂ ಕರಗಿಲ್ಲ ನಿನಗ" ಎಂದು ಚೇಷ್ಟೆ ಮಾಡುತ್ತಾರೆ.

ಇವತ್ತು ಅವರು ಅಣ್ಣಿಗೇರಿಗೆ ಬೀಗರ ಮನೆ ಮದುವೆಗೆ ಹೋಗಿದ್ದಾರೆ. ನಾನೊಬ್ಬಳೇ ಇದ್ದೇನೆ. ನೋಡು, ಈಗ ಬರೆಯುವಾಗಲೂ ಶುರುವಾಯಿತು. ಈ ಸಲ ಅಂಗಳದಲ್ಲಲ್ಲ, ಬಾಗಿಲ ಹತ್ತಿರವೇ ಬಂದಿದೆ. "ನಾಗೂ, ಅದೀಯೇನ ಬೇ? ಬಾಗಲಾ ತಗಿ" ಅನ್ನುತ್ತಿದೆ. ಅಗದಿ ನಿನ್ನದೇ ದನಿ, ನಿನ್ನ ಬಳೆಯ ಸಪ್ಪಳ ಕೂಡ. ಎಷ್ಟು ಚೆಂದ ಕಲಿತಿದೆ ನೋಡು! ನಾನು ಏಳುವುದಿಲ್ಲ. ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.

ಈಗ ನಿಂತಿತು.

ನಾಳೆ ಪೋಸ್ಟಿನ ಹನುಮೇಶ ಬಂದಾಗ ಇದನ್ನು ಕೊಡುತ್ತೇನೆ. ಓದಿದ ಮೇಲೆ ಫೋನ್ ಮಾಡಬೇಡ, ಬಂದು ಹೊರಗೆ ನಿಂತು ಕರೆಯಲೂ ಬೇಡ. ಎರಡು ಸಾಲು ಬರೆದು ಕಳಿಸು. ಕಿಡಕಿಯ ಕೋಣೆಗೆ ಎಷ್ಟು ಹೆಚ್ಚಾದರೂ ನಾನು ಕೊಡುತ್ತೇನೆ, ರೊಟ್ಟಿ ಮಾರಿದ ದುಡ್ಡು ಇದೆ. ನಿನಗೆ ಕೈಮುಗಿದು ಕೇಳುತ್ತೇನೆ, ಆ ಕೋಣೆ ಬೇಡ.

ಇಂತಿ ನಿನ್ನ ಹಟಮಾರಿ ಗೆಳತಿ,
ನಾಗರತ್ನಾ

ತಾ.ಕ.: ಸೋಮವಾರ ಸಂಜೆ. ಹನುಮೇಶ ಇವತ್ತು ಬರಲಿಲ್ಲ. ನಾನೂ ಮುಂಬಾಗಿಲು ತೆಗೆದಿರಲಿಲ್ಲ, ಹಿತ್ತಲಿನಿಂದಲೇ ಓಡಾಡಿದೆ. ಈಗ ನಮ್ಮವರು ಬಂದರು. ಕಟ್ಟೆಯ ಮೇಲಿತ್ತೆಂದು ಒಂದು ಸ್ಟೀಲ್ ಡಬ್ಬಿ ತಂದು ಕೈಗೆ ಕೊಟ್ಟರು. ಮುಚ್ಚಳದ ಮೇಲೆ ಮುಸ್ತಫಾ ಎಂದು ಹೆಸರು ಕೊರೆಸಿದ ನಿನ್ನ ಡಬ್ಬಿ. ಒಳಗೆ ಶೇಂಗಾದ ಹೋಳಿಗೆ, ಇರುವೆ ಹತ್ತಿದ್ದವು.

"ಸುಲ್ತಾನಾ ನಿನ್ನೆ ಬಂದು ಅಷ್ಟೊತ್ತು ಕರದ್ರೂ ನೀ ಓ ಅನ್ನಲಿಲ್ಲಂತ. ಮುಸ್ತಫಾ ಫೋನ್ ಮಾಡಿದ್ದ. ಕಡೀ ಗಳಿಗ್ಯಾಗ ಸೋವಿ ಸಿಕ್ತು ಅಂತ ನಿನ್ನೆನ ಮುಂಬೈಕ ಹೋಗ್ಯಾರ. ಇವತ್ತ ಮಧ್ಯಾಹ್ನ ಹಡಗ ಹತ್ಯಾರ. ಅವರಿಗೂ ನಮ್ಮ ಕೋಣಿನ ಸಿಕ್ಕೈತಂತ, ನಗಾಕ್ಹತ್ತಿದ್ದ" ಎಂದು ಹೇಳಿ ಅವರು ಜಳಕಕ್ಕೆ ಹೋದರು.

ನಿನ್ನೆ ಬಾಗಿಲಲ್ಲಿದ್ದವಳು ನೀನೇ.

ಮುಸ್ತಫಾ ಅಣ್ಣಾರಿಗೆ ಫೋನ್ ಹಚ್ಚಿದೆ, ಬಂದ್ ಇದೆ. ನಿನ್ನದಕ್ಕೆ ಹಚ್ಚಿದೆ. ರಿಂಗಾಯಿತು, ಎತ್ತಿದರು. ಮೊದಲು ನಿನ್ನ ದನಿ ಕೇಳೋಣ ಎಂದು ಸುಮ್ಮನಿದ್ದೆ. ಆ ಕಡೆ ಜನರ ಗದ್ದಲವಿಲ್ಲ, ಗಾಳಿಯ ಸಪ್ಪಳವಿಲ್ಲ. ಆಮೇಲೆ ಮೆಲ್ಲಗೆ ಕೇಳಿತು: "ನಾಗೂ, ಅದೀಯೇನ?"

ಫೋನ್ ಮೇಜಿನ ಮೇಲಿದೆ, ಇನ್ನೂ ಕಟ್ಟಾಗಿಲ್ಲ. ಮತ್ತೆ ಮತ್ತೆ ಕೇಳುತ್ತಿದೆ. ಕತ್ತಲೆಗೆ ಹೆದರಿ ನೀನೇ ಕೇಳುತ್ತಿದ್ದೀಯೇನೋ. ಇವತ್ತೂ ಓ ಅನ್ನದಿದ್ದರೆ ನಾನು ಎಂಥ ಗೆಳತಿ? ಬಾಯಿ ತೆರೆಯುತ್ತೇನೆ, ದನಿ ಹೊರಡುವುದಿಲ್ಲ. ಬರೆದಾದರೂ ಹೇಳುತ್ತೇನೆ. ಅದೀನಿ ಸುಲ್ತಾನಾ. ಇಲ್ಲೇ ಅದೀನಿ.