ಯಾವ ಟವರ್?

ಜರ್ಮನ್‌ಟೌನ್, ಮೇರಿಲ್ಯಾಂಡ್
೧೦ ಮಾರ್ಚ್ ೨೦೨೪

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮಹಡಿ ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ತಂಗಿ ಸಾವಿತ್ರಿ ಇಲ್ಲಿಂದ ಹೆರಿಗೆಗೆ ಬರುತ್ತಾಳೆಂದು ನಡುಕೋಣೆಗೆ ಸುಣ್ಣ ಹೊಡೆಸಿದೆಯಂತೆ, ಗುರುಶಾಂತಪ್ಪ ಮಾವ ಹೇಳಿದರು. ಫೋನಿನಲ್ಲಾದರೆ ‘ಸರಿ ಬಿಡು’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಇದು ಚುನಾವಣೆಯ ವರ್ಷ. ಭಾನುವಾರದ ಕನ್ನಡ ತರಗತಿಯಲ್ಲಿ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಮಕ್ಕಳನ್ನು ಕೇಳಿದರಂತೆ. ನಮ್ಮ ಮಾನ್ಯಾ ‘ಪ್ರೆಸಿಡೆಂಟ್’ ಎಂದಳು. ಪಕ್ಕದ ಸೌರಭ್, ‘ನೀನ್ ಆಗಕ್ಕಾಗಲ್ಲ, ಇಂಡಿಯಾದಲ್ಲಿ ಹುಟ್ಟಿದ್ದೀಯ. ಕಾನ್‌ಸ್ಟಿಟ್ಯೂಷನ್ ಓದು’ ಎಂದನಂತೆ. ಅವನು ಹುಟ್ಟಿದ್ದು ಇಲ್ಲೇ ಪಕ್ಕದ ಗೈದರ್ಸ್‌ಬರ್ಗ್‌ನಲ್ಲಿ. ಅದರಲ್ಲಿ ಅವನ ಶ್ರಮವೇನೂ ಇಲ್ಲ. ಕಾರಿನಲ್ಲಿ ಬರುವಾಗ ಅವಳು, ‘ಅಮ್ಮಾ, ನನ್ನನ್ನ ಯಾಕೆ ಅಲ್ಲಿ ಹೆತ್ತೆ?’ ಎಂದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ ಎಂದೆ. ‘ಯಾವ ಟವರ್?’ ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಯಶವಂತ್ ಮಗಳನ್ನು ಸಮಾಧಾನ ಮಾಡಲು ಹೋಗಿ, ‘ಬಿಡು ಪುಟ್ಟಾ, ಇಂಡಿಯಾಗೆ ಹೋಗಿ ರಾಷ್ಟ್ರಪತಿ ಆಗು’ ಎಂದರು. ಆದರೆ ಹೋದ ವರ್ಷ ನಾವು ಪ್ರಮಾಣವಚನ ತೆಗೆದುಕೊಂಡಾಗ ಅವಳೂ ಇಲ್ಲಿಯ ಪ್ರಜೆಯಾದಳು, ಇಂಡಿಯಾದ ಹಳೆಯ ಪಾಸ್‌ಪೋರ್ಟುಗಳನ್ನು ಒಪ್ಪಿಸಿ ಬಂದೆವು. ಅದರ ಬದಲಿಗೆ ಇಂಡಿಯಾ ಸರ್ಕಾರ ಕೊಟ್ಟ ಓಸಿಐ ಕಾರ್ಡಿನ ಫೋಟೋ ತೋರಿಸಿ ನೀನು ನೆರೆಯವರಿಗೆ ‘ನಮ್ಮವರು ಎರಡೂ ದೇಶದ ಪ್ರಜೆಗಳು’ ಅನ್ನುತ್ತೀಯ. ಹಾಗಲ್ಲಮ್ಮ. ಅದು ಬಂದುಹೋಗಲು, ಇದ್ದುಹೋಗಲು. ಓಟಿಗೂ ಅಲ್ಲ, ಆ ಕುರ್ಚಿಗೂ ಅಲ್ಲ. ಮಾನ್ಯಾ ಎಲ್ಲವನ್ನೂ ಓದಿ, ‘ಸೋ, ಎರಡೂ ಕಡೆ ನೋ’ ಎಂದು ತನ್ನ ಕೋಣೆಗೆ ಹೋದಳು. ಅವಳಿಗೆ ಕುರ್ಚಿಯ ಆಸೆ ಇತ್ತೆಂದು ನನಗನ್ನಿಸುವುದಿಲ್ಲ. ನಾಳೆ ಪಶುವೈದ್ಯೆಯಾಗುತ್ತೇನೆ ಎಂದಾಳು. ಆದರೂ ಪಾತ್ರೆ ತೊಳೆಯುವಾಗ ಆ ‘ನೋ’ ನನಗೆ ಕೇಳಿಸುತ್ತಲೇ ಇರುತ್ತದೆ.

ನಿನ್ನನ್ನು ದೂರುತ್ತಿಲ್ಲ. ಅಂದು ನೀನು ಕರೆಯದಿದ್ದರೂ ನಾನು ಬರುತ್ತಿದ್ದೆ. ನಿನ್ನ ಕೈಯ ಎಣ್ಣೆನೀರು ಬೇಕಿತ್ತು, ಬೇರೆ ಯಾವ ದೇಶವೂ ನೆನಪಿರಲಿಲ್ಲ.

ಮಾವನಿಗೆ ನಮ್ಮೆಲ್ಲರ ನಮಸ್ಕಾರ. ಮಾತ್ರೆ ತಪ್ಪಿಸಬೇಡ.

ನಿನ್ನ
ಉಷಾ

ತಾ.ಕ.: ಮಾನ್ಯಾಳ ವಿಷಯ ಕೇಳಿದ ಮೇಲೆ ಸಾವಿತ್ರಿ ಮನಸ್ಸು ಬದಲಿಸಿದ್ದಾಳೆ. ಅವಳು ಬರುವುದಿಲ್ಲ, ಹೆರಿಗೆ ಇಲ್ಲೇ, ಅವಳಿರುವ ಡುಲುತ್‌ನಲ್ಲಿ. ನಿನಗೆ ಹೇಳಲು ಅವಳಿಗೆ ಧೈರ್ಯವಿಲ್ಲ; ನಾನೂ ಇಲ್ಲಿಯವರೆಗೆ ಎಳೆದೆ. ನಡುಕೋಣೆಗೆ ಬೀಗ ಹಾಕಿ, ಬಾಣಂತನಕ್ಕೆ ನೀನೇ ಅವಳಲ್ಲಿಗೆ ಬಾ. ಮಾನ್ಯಾ ಕೇಳುತ್ತಿದ್ದಾಳೆ: ‘ಅಜ್ಜಿ ಬಂದ್ರೆ ಚಿಕ್ಕಮ್ಮನ ಮನೇನೇ ಟವರ್ ಆಗತ್ತಲ್ವಾ?’