ನೀನು ಅಡ್ಡಗೆರೆ ಎಳೆದ ಬೀದಿ

ಭಾನುವಾರ, ಮಾರ್ಚ್ ೯

ಮುದ್ದು ಪುಟ್ಟಿ,

ಸುಖವಾಗಿ ಮನೆ ಸೇರಿದೆ. ಸೇರಿ ಹತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಶಾಲೆಯ ಯೂನಿಫಾರಂ ಬಟ್ಟೆ ಮೂಟೆಗಟ್ಟಲೆ ಬಂದು ಬಿತ್ತು. ಮಿಷನ್ ಬಿಟ್ಟು ಏಳಲು ಪುರುಸೊತ್ತಿಲ್ಲ.

ನಿನ್ನ ಊರು ನನಗೆ ಹಿಡಿಸಿತು. "ದಿನವಿಡೀ ಕ್ಲಾಸಿದೆ ಅಕ್ಕಾ, ನೀನೇ ಸುತ್ತಾಡ್ಕೊಂಡು ಬಾ" ಅಂತ ನಕ್ಷೆ ಬರೆದುಕೊಟ್ಟೆಯಲ್ಲ, ಅದನ್ನು ಹಿಡಿದು ಜಂಬದಿಂದ ಹೊರಟೆ. ನಿನ್ನ ಕಾಲೇಜಿನ ಬಸ್ಸಿನಲ್ಲಿ ಪಕ್ಕದವರಿಗೆಲ್ಲ "ನನ್ನ ತಂಗಿ ಇಲ್ಲೇ ಓದೋದು, ಕೊನೇ ವರ್ಷ" ಎಂದು ಹೇಳಿಕೊಂಡೆ. ಲೈಬ್ರರಿ, ಮೈದಾನ, ಹಾಸ್ಟೆಲ್ಲು ಎಲ್ಲ ನೋಡಿದೆ. ಮತ್ತೆ ಅದೇ ಲೈಬ್ರರಿ ಬಂತು! ಡ್ರೈವರು ಕನ್ನಡಿಯಲ್ಲಿ ನೋಡಿ, "ಅಮ್ಮಾ, ಇದು ಸುತ್ತೋ ಬಸ್ಸು. ನೀವು ಇಳಿಯೋವರೆಗೂ ಸುತ್ತುತಾನೇ ಇರ್ತೀನಿ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟೊಂದು ಓದುವ ಮಕ್ಕಳು, ಒಬ್ಬರ ಪ್ಯಾಂಟಿನ ಅಂಚಾದರೂ ನೆಟ್ಟಗಿರಬೇಡವೇ?

ಇಳಿದ ಮೇಲೆ ಇನ್ನೊಂದು ಫಜೀತಿ. ಬಟ್ಟೆಗೆ ಗುರುತು ಹಾಕುವುದು ಒಳಮಗ್ಗುಲಿಗಲ್ಲವೇ? ಆ ಅಭ್ಯಾಸದಲ್ಲಿ ನಿನ್ನ ನಕ್ಷೆಯ ತೆಳು ಕಾಗದವನ್ನೂ ಹಿಂದುಮುಂದಾಗಿ ಹಿಡಿದು, ಆಚೆಯಿಂದ ಮೂಡಿದ ಗೆರೆ ನೋಡುತ್ತಾ ನಡೆದೆ. ಬಲಕ್ಕೆ ತಿರುಗಬೇಕಾದವಳು ಎಡಕ್ಕೆ ತಿರುಗಿದೆ. ಕಾಗದ ಮಗುಚಿ ನೋಡಿದರೆ, "ರಸ್ತೆ ಅಗೆದಿದ್ದಾರೆ, ಇತ್ತ ಬರಬೇಡ" ಎಂದು ನೀನು ಅಡ್ಡಗೆರೆ ಎಳೆದ ಬೀದಿಯಲ್ಲೇ ನಿಂತಿದ್ದೇನೆ! ಸ್ವಲ್ಪ ಹೊತ್ತು ಇದ್ದು ವಾಪಸಾದೆ. ಸಂಜೆ ನಿನಗೆ ಹೇಳಲಿಲ್ಲ, ನೀನು ದಣಿದು ಬಂದಿದ್ದೆ.

ನಿನ್ನ ಭಾವ, "ಹೇಗಿದಾಳೆ, ಓದ್ತಿದಾಳಾ?" ಎಂದು ಕೇಳಿದರು. "ತಲೆ ಎತ್ತದೆ ಕೆಲಸ ಮಾಡ್ತಾಳೆ" ಅಂದೆ. ಸುಳ್ಳಲ್ಲವಲ್ಲ.

ಹೊತ್ತುಹೊತ್ತಿಗೆ ಉಣ್ಣು. ಕಣ್ಣು ಜೋಪಾನ. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಕ್ಕ

ಮರೆತಿದ್ದೆ: ಆ ಬೀದಿಯಲ್ಲಿ ಯಾರೂ ಒಂದು ಗುದ್ದಲಿ ಮಣ್ಣೂ ಅಗೆದಿಲ್ಲ, ಪುಟ್ಟಿ. ಟೈಲರ್ ಅಂಗಡಿಯ ಗಾಜಿನ ಹಿಂದೆ, ಎರಡನೇ ಮಿಷನ್ನಿನಲ್ಲಿ ಕೂತು ನೀನು ಕಾಲರ್ ಹೊಲಿಯುತ್ತಿದ್ದೆ. ಪಕ್ಕದ ಗುಂಡಿ-ದಾರದ ಅಂಗಡಿಯವಳನ್ನು ಕೇಳಿದೆ. "ಆ ಹುಡುಗೀನಾ? ಓದು ಬಿಟ್ಟು ಬಂದು ವರ್ಷ ಆಯ್ತು. ಒಳ್ಳೇ ಕೈ" ಅಂದಳು. ಓದು ಬಿಟ್ಟೆಯಲ್ಲ ಎಂದು ಅತ್ತೆ. ಆ ಅಳು ಬಸ್ಸು ಒಂದು ಸುತ್ತು ಹಾಕುವಷ್ಟರಲ್ಲಿ ಮುಗಿಯಿತು. ನಿನ್ನನ್ನು ಸಾಕಿದ ಕಸುಬನ್ನು ನನ್ನಿಂದಲೇ ಬಚ್ಚಿಟ್ಟೆಯಲ್ಲ, ಆ ನೋವು ಮಾತ್ರ ಇನ್ನೂ ಮುಗಿದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು? ಹೊಸ ನಕ್ಷೆ ಬರೆದು ಕಳಿಸು, ಆ ಬೀದಿಯನ್ನೂ ಸೇರಿಸು. ಹೊಲಿಯುವಾಗ ಕಾಲರಿನ ತುದಿಯನ್ನು ನೀನು ಈಗಲೂ ಎಳೆಯುತ್ತೀ, ಸೊಟ್ಟಗಾಗುತ್ತದೆ. ಬಂದು ತೋರಿಸಿಕೊಡುತ್ತೇನೆ.