ಪಕ್ಕದಲ್ಲಿ ಕೂತವಳು

ಮೂಡುಬಿದಿರೆ,
ಆಗಸ್ಟ್ 3, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಮೊಣಕಾಲು ನೋವು ಈಗ ಹೇಗುಂಟು? ಮಸ್ಕತ್ತಿನ ಸೆಕೆ ಸ್ವಲ್ಪವಾದರೂ ಇಳಿದಿದೆಯಾ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಬಿಸಿನೀರಲ್ಲಿ ಕಾಲಿಟ್ಟು ಕೂತುಕೊಳ್ಳುತ್ತಿಯೋ, ಇಲ್ಲ ಹಾಗೇ ಮಲಗಿಬಿಡುತ್ತಿಯೋ? ನಾನು ಸೌಖ್ಯ. ಇಲ್ಲಿ ಆಟಿ ತಿಂಗಳ ಮಳೆ, ಹಾಸ್ಟೆಲಿನಲ್ಲಿ ಒಗೆದ ಬಟ್ಟೆ ಒಣಗುವುದೇ ಇಲ್ಲ. ಫೋನು ಇರುವಾಗ ಪತ್ರ ಯಾಕೆ ಅಂತ ನಿನಗೆ ಅನಿಸಬಹುದು. ಫೋನಿನಲ್ಲಿ ನಿನ್ನ ರೂಮಿನವರೆಲ್ಲ ಸುತ್ತ ಇರುತ್ತಾರೆ. ನಾನು ಅರ್ಧ ಹೇಳುವಷ್ಟರಲ್ಲಿ ನೀನು ಊಟ ಆಯಿತಾ ಅಂತ ಮಾತು ತಿರುಗಿಸುತ್ತಿ. ಇದನ್ನು ತಿರುಗಿಸಲಿಕ್ಕೆ ಆಗಬಾರದು. ನನ್ನ ಕ್ಲಾಸಿನ ನಸೀಬಾಳ ಮಾವ ಅಬ್ದುಲ್ ಶುಕೂರ್ ನಾಳೆ ಮಸ್ಕತ್ತಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಮನೆಯಲ್ಲಿ ತುಳುವಿನಲ್ಲಿ ಆಡುವ ಮಾತನ್ನು ಕನ್ನಡದಲ್ಲಿ ಬರೆಯುವಾಗ ಯಾರೋ ಬೇರೆಯವರಿಗೆ ಬರೆದ ಹಾಗೆ ಆಗುತ್ತದೆ, ಬೇಸರ ಮಾಡಬೇಡ.

ನಾನು ಎಷ್ಟು ಮಾತು ಕಡಿಮೆಯವಳು ಅಂತ ನಿನಗೆ ಗೊತ್ತುಂಟಲ್ಲ. ಭೋಜ ಮಾವ ಹಾಸ್ಟೆಲಿನಲ್ಲಿ ಬಿಟ್ಟು ಕನ್ಯಾನಕ್ಕೆ ಹಿಂದೆ ಹೋದ ಮೇಲೆ ನನಗೆ ಕೈಕಾಲೇ ಆಡಲಿಲ್ಲ. ಇಲ್ಲಿ ಬಳ್ಳಾರಿಯವರು, ಹಾಸನದವರು, ಎಲ್ಲೆಲ್ಲಿಂದಲೋ ಬಂದವರು. ನಾನು ಪೆನ್ನು ಉಂಟಾ ಅಂತ ಕೇಳಿದ್ದಕ್ಕೆ ಹಿಂದಿನ ಬೆಂಚಿನವರೆಲ್ಲ ಉಂಟು ಉಂಟು ಅಂತ ನಗಾಡಿದರು. ಆಮೇಲೆ ನಾನು ಬಾಯಿಯೇ ಬಿಡಲಿಲ್ಲ. ಊಟಕ್ಕೂ ಒಬ್ಬಳೇ, ಕ್ಲಾಸಿಗೂ ಒಬ್ಬಳೇ. ಶನಿವಾರ ಮನೆಗೆ ಹೋದರೆ ತಿರುಗಿ ಬರುವುದೇ ಬೇಡ ಅಂತ ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ನಸೀಬಾ ತಾನಾಗಿ ಬಂದು ನನ್ನ ಬೆಂಚಿನಲ್ಲಿ ಕೂತಳು. ಅವಳು ಬಂಟ್ವಾಳದವಳು, ಬಾಯಿ ಜೋರು, ಮನಸ್ಸು ಮೆದು. ಕೂತವಳು ಬ್ಯಾಗಿನಿಂದ ತಿಂಡಿಯ ಡಬ್ಬಿ ತೆಗೆದು ನನ್ನ ಕಡೆ ದೂಡಿ, "ನೀನು ಈರುಳ್ಳಿ ತಿನ್ನುವುದಿಲ್ಲವಂತೆ, ಇದಕ್ಕೆ ಹಾಕಲಿಲ್ಲ" ಅಂದಳು. ಯಾರು ಹೇಳಿದ್ದು ಅಂತ ಕೇಳಿದೆ. "ನಿನ್ನ ಅಕ್ಕ. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ನನ್ನ ತಂಗಿಗೆ ಮಾತಾಡಲಿಕ್ಕೆ ಹೆದರಿಕೆ, ನೀನೇ ಹೋಗಿ ಮಾತಾಡಿಸು ಅಂದಳು." ನನಗೆ ಅಕ್ಕ ಇಲ್ಲ ಅಂದೆ. ಅವಳು ತಮಾಷೆ ಅಂದುಕೊಂಡಳು. ಯಾರನ್ನೋ ನೋಡಿ ಯಾರೋ ಅಂದುಕೊಂಡಿರಬೇಕು ಅಂತ ನಾನೂ ಸುಮ್ಮನಾದೆ. ಸತ್ಯ ಹೇಳಬೇಕಾದರೆ, ಒಬ್ಬಳು ಹತ್ತಿರ ಬಂದಳಲ್ಲ ಅಂತ ಖುಷಿಯಾಗಿತ್ತು.

ಆದರೆ ರೂಮಿನ ವಿಸ್ಮಿತಾಳೂ ಅದನ್ನೇ ಹೇಳಿದಳು. ಅವಳು ಬೆಳ್ತಂಗಡಿಯ ಗುಡ್ಡದ ಕಡೆಯ ಹುಡುಗಿ, ರಬ್ಬರು ತೋಟದವರು, ಸುಮ್ಮನೆ ಏನೂ ಹೇಳುವವಳಲ್ಲ. ಮೊದಲು ಬಂದು ಕಿಟಕಿಯ ಹತ್ತಿರದ ಮಂಚ ಹಿಡಿದವಳು ಆಮೇಲೆ ಅದನ್ನು ನನಗೆ ಬಿಟ್ಟುಕೊಟ್ಟಿದ್ದಳು. ಯಾಕೆ ಅಂತ ಈಗ ಕೇಳಿದರೆ, ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಅಕ್ಕ ಬಾಗಿಲಲ್ಲಿ ನಿಂತು, ಅವಳಿಗೆ ಗಾಳಿ ಇಲ್ಲದಿದ್ದರೆ ಎದೆ ಕಟ್ಟುತ್ತದೆ, ಕಿಟಕಿಯ ಮಂಚ ಕೊಡು ಅಂತ ಕೇಳಿದಳಂತೆ. ನನಗೆ ಎದೆ ಕಟ್ಟುವುದು ನಿನಗೆ, ಅಜ್ಜಿಗೆ ಬಿಟ್ಟರೆ ಯಾರಿಗೆ ಗೊತ್ತುಂಟು ಅಮ್ಮ? ಮರುದಿನ ಕ್ಯಾಂಟೀನಿನ ರುಕ್ಮಯ್ಯಣ್ಣ ನಾನು ಒಂದು ಚಾ ಕೇಳಿದರೆ ಎರಡು ತಂದಿಟ್ಟರು. ಇನ್ನೊಂದು ಯಾರಿಗೆ ಅಂದರೆ, ಅವಳು ಕೈ ತೊಳೆಯಲಿಕ್ಕೆ ಹೋದಳಲ್ಲ ಅಂತ ನಳ್ಳಿಯ ಕಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ, ನಳ್ಳಿ ಮಾತ್ರ ತೆರೆದಿತ್ತು, ನೀರು ಹೋಗುತ್ತಾ ಇತ್ತು.

ನಾನು ಮಾತ್ರ ಅವಳನ್ನು ಒಂದು ಸಲವೂ ಕಾಣಲಿಲ್ಲ. ಹೇಗಿದ್ದಾಳೆ ಅಂತ ನಸೀಬಾಳಲ್ಲಿ ಬಿಡಿಸಿ ಬಿಡಿಸಿ ಕೇಳಿದೆ. ನಿನ್ನದೇ ಮುಖ, ಎತ್ತರ ಸ್ವಲ್ಪ ಹೆಚ್ಚು ಅಂದಳು. ಈ ಮಳೆಯಲ್ಲಿ ಚಪ್ಪಲಿ ಇಲ್ಲದೆ ನಿಂತಿದ್ದಳಂತೆ, ಆದರೂ ಪಾದಕ್ಕೆ ಕೆಸರು ಇರಲಿಲ್ಲವಂತೆ. ಕಿವಿ ಚುಚ್ಚಿಸಿರಲಿಲ್ಲವಂತೆ. "ಹೆಸರು ಕೇಳಿದೆ ಮಾರಾಯ್ತಿ. ಇನ್ನೂ ಇಟ್ಟಿಲ್ಲ ಅಂತ ನಗಾಡಿದಳು." ಹೀಗೆ ಹೇಳುವಾಗ ನಸೀಬಾಳೂ ನಗಾಡುತ್ತಿದ್ದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಅದೇ ಸಂಜೆ ಅಜ್ಜಿ ಫೋನು ಮಾಡಿ, ಹತ್ತನೇ ತಾರೀಕಿನ ಭಾನುವಾರ ಮನೆಯಲ್ಲಿ ಒಂದು ಕಾರ್ಯ ಉಂಟು, ಬಾ ಅಂದರು. ಏನು ಕಾರ್ಯ ಅಂದರೆ ಹೇಳಲಿಲ್ಲ. ಭೋಜ ಮಾವನಿಗೆ ಫೋನು ಮಾಡಿ ಹಟ ಹಿಡಿದೆ. ಕೊನೆಗೆ ಅವರು ಹೇಳಿದರು, ಅದೇ ಹೆರಿಗೆಯಲ್ಲಿ ನನಗಿಂತ ಸ್ವಲ್ಪ ಮೊದಲು ನಿನ್ನ ಹೊಟ್ಟೆಯಿಂದ ಇನ್ನೊಂದು ಹೆಣ್ಣು ಮಗು ಬಂದಿತ್ತು ಅಂತ. ಅದಕ್ಕೆ ಉಸಿರಾಡಲಿಕ್ಕೆ ಆಗದೆ ಆ ದಿನವೇ ಹೋಯಿತಂತೆ. ಸತ್ತ ಮಕ್ಕಳೂ ನಮ್ಮ ಜೊತೆಯಲ್ಲೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದ ಮೇಲೆ ಆಟಿಯಲ್ಲಿ ಪ್ರೇತ ಮದುವೆ ಮಾಡಿಸಬೇಕು, ಇಲ್ಲದಿದ್ದರೆ ಮುಂದೆ ನನ್ನ ಮದುವೆಗೆ ಅಡ್ಡಿ ಅಂತ ಜೋಯಿಸರು ಹೇಳಿದ್ದಾರಂತೆ. ಗುರುವಾಯನಕೆರೆಯ ಹತ್ತಿರದ ಮನೆಯವರದ್ದು ಹುಡುಗ ನಿಶ್ಚಯ ಆಗಿದೆ. ಚಿಕ್ಕವನಿರುವಾಗ ಹೊಳೆಯಲ್ಲಿ ಮುಳುಗಿ ಹೋದವನಂತೆ. ಸೀರೆ, ಬಳೆ, ಕರಿಮಣಿ ಎಲ್ಲ ತಂದಾಗಿದೆ. ಮಸ್ಕತ್ತಿನಿಂದ ನೀನು ಹೂಂ ಅನ್ನುವುದು ಒಂದೇ ಬಾಕಿ ಅಂತ ಮಾವ ಹೇಳಿದರು.

ನನಗೆ ನಿನ್ನ ಮೇಲೆ ಕೋಪ ಇಲ್ಲ. ಇಷ್ಟು ವರ್ಷ ನೀನು ಒಬ್ಬಳೇ ಇದನ್ನು ಇಟ್ಟುಕೊಂಡಿದ್ದಿಯಲ್ಲ, ಅದನ್ನು ಯೋಚಿಸಿ ಅಳು ಬಂತು. ಅವಳಿಗೆ ಇಡಲಿಕ್ಕೆ ಒಂದು ಹೆಸರು ನಿನ್ನ ಮನಸ್ಸಿನಲ್ಲಿ ಇತ್ತಾ? ಇಬ್ಬರು ಗೆಳತಿಯರಿಗೂ ಎಲ್ಲ ಹೇಳಿದೆ. ಅವರು ನನ್ನನ್ನು ಬಿಟ್ಟು ದೂರ ಹೋಗುತ್ತಾರೆ ಅಂತಲೇ ಹೆದರಿದ್ದೆ. ನಸೀಬಾ ಬಾಯಲ್ಲೇ ಏನೋ ದುವಾ ಹೇಳಿಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದಳು. ವಿಸ್ಮಿತಾ ಅವತ್ತು ಕ್ಲಾಸಿನಲ್ಲಿ ಗೋಡೆಯ ಕಡೆಗೆ ಸರಿದು, ನಮ್ಮ ನಡುವೆ ಒಬ್ಬರಿಗೆ ಜಾಗ ಬಿಟ್ಟಳು. ನಾನು ಧೈರ್ಯ ಮಾಡಿ ಆ ಜಾಗದಲ್ಲಿ ಕೈ ಇಟ್ಟೆ. ಆಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಂಚು ಬೆಚ್ಚಗೆ ಇತ್ತು ಅಮ್ಮ. ಹೆದರಿಕೆ ಹೋಗಲಿಲ್ಲ, ಈಗಲೂ ಉಂಟು. ಆದರೆ ಬೆಂಚಿನಿಂದ ಏಳಬೇಕು ಅಂತ ಅನಿಸಲಿಲ್ಲ. ನನಗೆ ಇಲ್ಲಿ ಇರುವ ಗೆಳತಿಯರೆಲ್ಲ ಅವಳು ಮಾಡಿಕೊಟ್ಟವರು. ಮನೆಗೆ ತಿರುಗಿ ಹೋಗುವ ಯೋಚನೆಯನ್ನು ಬಿಟ್ಟಿದ್ದೇನೆ.

ಡ್ಯೂಟಿಯಲ್ಲಿ ತುಂಬ ಹೊತ್ತು ನಿಲ್ಲಬೇಡ. ನಿನ್ನ ರೂಮಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಕಾಲು ಮುಟ್ಟಿದೆ ಅಂತ ತಿಳಿದುಕೋ.

ನಿನ್ನ ಮಗಳು,
ಪ್ರಾಪ್ತಿ

ವಿ.ಸೂ.: ಶುಕೂರ್ ಮಾವ ಗೇಟಿನಲ್ಲಿ ಬೈಕು ನಿಲ್ಲಿಸಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಇದು ಸಿಕ್ಕಿದ ಕೂಡಲೇ ಅಜ್ಜಿಗೆ ಫೋನು ಮಾಡಿ ಭಾನುವಾರದ ಕಾರ್ಯ ನಿಲ್ಲಿಸು. ಬಟ್ಟೆ ಹರವುವಲ್ಲಿ ವಿಸ್ಮಿತಾಳಿಗೆ ಈಗ ಅವಳು ಸಿಕ್ಕಿದ್ದಳಂತೆ. ತುಂಬ ಅತ್ತಿದ್ದಳಂತೆ. "ನಾನು ಕಾಲೇಜಿಗೆ ಬಂದು ಇನ್ನೂ ವಾರ ಆಗಿಲ್ಲ, ನನಗೂ ಓದಬೇಕು, ಇಷ್ಟು ಬೇಗ ಮದುವೆ ಮಾಡಬೇಡ ಅಂತ ಅಮ್ಮನಿಗೆ ಬರೆಯಲಿಕ್ಕೆ ಹೇಳು" ಅಂದಳಂತೆ.